ಕರಾರು

ಯೆಹೋಶುವ 9ನೆಯ ಅಧ್ಯಾಯ

ಪ್ರಿಯರೇ, ಕರಾರು ಎಂಬ ಮಾತನ್ನು ಅರಿಯದವರು ನಮ್ಮ ಹಳ್ಳಿಗಳಲ್ಲಿ ಯಾರಿದ್ದಾರೆ? ಮನೆಯನ್ನು ಬಾಡಿಗೆಗೆ ಹಿಡಿದರೂ ತೆಂಗಿನ ತೋಟವನ್ನು ಗುತ್ತಿಗೆಗೆ ಕೊಟ್ಟರೂ ಕರಾರೇ. ಅರಬೀ ಭಾಷೆಯಿಂದ ಬಂದ ಈ ಮಾತಿನ ಮೂಲಾರ್ಥವು ನೆಲೆಯಾಗಿ ನಿಲ್ಲುವದು ಎಂಬದೇ. ಸತ್ಯವೇದದಲ್ಲಿ ಇದಕ್ಕೆ ಸಮೀಪವಾದ ಮಾತು ಒಡಂಬಡಿಕೆ. ನಮ್ಮಲ್ಲಿ ಅನೇಕರು ಕರಾರನ್ನು ಕಚೇರಿಗೂ ಒಡಂಬಡಿಕೆಯನ್ನು ದೇವಾಲಯಕ್ಕೂ ಹಂಚಿಕೊಟ್ಟು ಸುಮ್ಮನಿದ್ದಾರೆ. ಈ ಹಂಚಿಕೆ ನಮಗೆ ಸರಿಯಾಗಿ ಕಾಣುವದಿಲ್ಲ.

ಉಡುಪಿ, ಕಾಪು, ಕಾರ್ಕಳದ ಸೀಮೆಗಳಲ್ಲಿ ಹಿರಿಯರು ಎರಡು ತರದ ಗೇಣಿಯನ್ನು ಕಂಡವರು. ಮೂಲಗೇಣಿಯ ಒಕ್ಕಲು ಗೊತ್ತುಮಾಡಿದ ಗೇಣಿಯನ್ನು ಸಲ್ಲಿಸುತ್ತಾ ತಲೆತಲಾಂತರಕ್ಕೂ ಭೂಮಿಯಲ್ಲಿ ಇರುವನು. ಚಾಲಗೇಣಿಯವನಾದರೋ ವರುಷ ವರುಷವೂ ಧಣಿಯ ಮುಖವನ್ನು ನೋಡಬೇಕು. ಚಾಲಗೇಣಿಗೆ ಎಷ್ಟೋ ಕಡೆ ಬರಹವೇ ಇರಲಿಲ್ಲ. ಇಷ್ಟು ಮುಡಿ ಅಕ್ಕಿ ಎಂಬ ಬಾಯಿಮಾತೊಂದೇ. 1974ನೆಯ ಮಾರ್ಚ್ 1ರಿಂದ ಗೇಣಿಭೂಮಿಯು ಸರಕಾರಕ್ಕೆ ಸೇರಿ, ಉಳುವವರು ಭೂನ್ಯಾಯಮಂಡಳಿಯ ಮುಂದೆ ಅರ್ಜಿಯಿಟ್ಟಾಗ ಆ ಬಾಯಿಮಾತಿಗೆ ಸಾಕ್ಷಿ ಬೇಕಾಯಿತು. ಅಕ್ಕಿಯನ್ನು ಅಳೆಸಿಕೊಂಡವನು ಅಳೆಸಿಕೊಳ್ಳಲಿಲ್ಲವೆಂದರೆ, ಕಂಡ ನೆರೆಯವನು ಬಾಯಿ ಮುಚ್ಚಿದರೆ, ಒಂದು ಮನೆಯ ಅನ್ನವೇ ಹೋಗುವದು.

ಈಗ ಗಿಬ್ಯೋನ್ಯರ ಸಂಗತಿಯನ್ನು ನೋಡಿರಿ. ಅವರು ಹರಕು ಕೆರಗಳನ್ನು ಮೆಟ್ಟಿ, ಬೂಷ್ಟು ಹಿಡಿದ ರೊಟ್ಟಿಯನ್ನು ಹೊತ್ತು, ದೂರದೇಶದವರೆಂದು ಸುಳ್ಳು ಹೇಳಿ ಇಸ್ರಾಯೇಲ್ಯರಿಂದ ಒಡಂಬಡಿಕೆಯನ್ನು ಪಡೆದರು. ಮೂರು ದಿವಸಗಳಲ್ಲಿ ಮೋಸವು ತಿಳಿದುಬಂತು. ಇಂದಿನ ವಕೀಲನಾದರೆ ಆ ಕರಾರು ನಿಲ್ಲದೆಂದು ವಾದಿಸುವನು. ಅದು ಕಾನೂನಿಗೂ ಸರಿಯೇ. ಜನರೂ ಗುಣುಗುಟ್ಟಿದರು. ಆದರೆ ಪ್ರಧಾನರು, ಯೆಹೋವನ ಹೆಸರಿನಲ್ಲಿ ಆಣೆಯಿಟ್ಟೆವು, ಅವರನ್ನು ಮುಟ್ಟಕೂಡದು ಅಂದರು. ಅವರನ್ನು ಕಟ್ಟಿಗೆ ಕಡಿಯುವವರನ್ನಾಗಿಯೂ ನೀರು ಹೊರುವವರನ್ನಾಗಿಯೂ ಇಟ್ಟರೆಂಬದು ನಿಜ. ಆದರೂ ಐವರು ಅರಸರು ಗಿಬ್ಯೋನನ್ನು ಮುತ್ತಿದಾಗ ಯೆಹೋಶುವನು ಗಿಲ್ಗಾಲಿನಿಂದ ರಾತ್ರಿಯೆಲ್ಲಾ ನಡೆದುಹೋಗಿ ಅವರನ್ನು ಕಾಪಾಡಿದನು. ಬಹುಕಾಲದ ಮೇಲೆ ಸೌಲನು ಆ ಮಾತನ್ನು ಮುರಿದನು. ಅದರ ನಿಮಿತ್ತ ದಾವೀದನ ದಿನಗಳಲ್ಲಿ ಮೂರು ವರುಷ ಬರ ಬಂತೆಂದು ಎರಡನೆಯ ಸಮುವೇಲನ 21ನೆಯ ಅಧ್ಯಾಯದಲ್ಲಿ ಓದುತ್ತೇವೆ.

ನಾವೂ ಹರಕು ಕೆರಗಳನ್ನು ಮೆಟ್ಟಿಕೊಂಡೇ ಬಂದೆವಲ್ಲವೇ? ಅಕ್ಕಿಗಾಗಿ, ಶಾಲೆಗಾಗಿ ಬಂದರೆಂದು ನಮ್ಮ ಹಿರಿಯರನ್ನು ಹಾಸ್ಯಮಾಡಿದವರುಂಟು. ಯಾರ ಮನಸ್ಸಿನಲ್ಲಿ ಏನಿತ್ತೆಂಬದನ್ನು ಕರ್ತನೇ ಬಲ್ಲನು. ಇಸ್ರಾಯೇಲ್ಯರು ತಿಳಿಯದೆ ಮಾತು ಕೊಟ್ಟರು. ಆತನು ಎಲ್ಲವನ್ನೂ ತಿಳಿದೇ ತನ್ನ ರಕ್ತದಿಂದ ಹೊಸ ಒಡಂಬಡಿಕೆಯನ್ನು ಸ್ಥಾಪಿಸಿದನು. ಆತನು ನಮ್ಮನ್ನು ಚಾಲಗೇಣಿಗೆ ಇಟ್ಟವನಲ್ಲ.

ಹೀಗಿರಲಾಗಿ, ಆ ಪಾತ್ರೆಯಲ್ಲಿ ಪಾಲುಹೊಂದುವ ನಾವು ನೇಜಿ ನೆಡುವ ಹೆಂಗಸರಿಗೆ ಮುಂಜಾನೆ ಹೇಳಿದ ಕೂಲಿಯನ್ನು ಸಾಯಂಕಾಲ ಇಳಿಸಬಹುದೋ? ಮಣಿಪಾಲದಲ್ಲಿ ಓದಲು ಬಂದ ಹುಡುಗನಿಗೆ ಕೋಣೆಯನ್ನು ಕೊಟ್ಟು, ಚೀಟಿಯಿಲ್ಲವೆಂದು ಅವನ ಮುಂಗಡ ಹಣವನ್ನು ನುಂಗಬಹುದೋ? ಬರೆದುಕೊಟ್ಟಿಲ್ಲವಲ್ಲಾ ಎಂಬ ಉತ್ತರವು ನ್ಯಾಯಸ್ಥಾನದಲ್ಲಿ ಸಂದೀತು. ಕರ್ತನ ಭೋಜನದ ಆದಿತ್ಯವಾರವು ಬರುತ್ತಲಿದೆ. ಇಂಥ ಬಾಕಿಯುಳ್ಳವರು ಶನಿವಾರದೊಳಗೆ ಆ ಮನೆಗೆ ಹೋಗಿ ಸಲ್ಲಿಸಿ ಬರಲಿ.