ವಿಧಿ: ಸಾಂತ್ವನವೋ, ನೆಪವೋ?

ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಅಜ್ಜಿಯ ಕಣ್ಣಿಗೆ ಒಂದು ಗುರುತು ಬೀಳುತ್ತದೆ. ಸೊಂಟದ ಬಳಿ, ಬೆನ್ನಿನ ನಟ್ಟನಡುವೆ ಒಂದು ಕುಚ್ಚು ಕೂದಲು. ಇಲ್ಲವೇ ಮೆತ್ತಗಿನ ಗಂಟು, ಆಳವಾದ ಗುಳಿ, ಕೆಂಪು ಮಚ್ಚೆ. ಅದೃಷ್ಟದ ಗುರುತು ಎನ್ನುತ್ತಾರೆ ಒಬ್ಬರು. ಗ್ರಹಣದ ದಿನ ತಾಯಿ ಹೊರಗೆ ಬಂದಿರಬೇಕು ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ನಿಟ್ಟುಸಿರಿಟ್ಟು, ಎಲ್ಲವೂ ಅಲ್ಲಾಹನ ವಿಧಿ ಎಂದು ಮಾತು ಮುಗಿಸುತ್ತಾರೆ. ಮೊದಲಿನ ಎರಡು ಮಾತುಗಳು ಮೂಢನಂಬಿಕೆ. ಮೂರನೆಯದು ಸತ್ಯ. ಆದರೆ ಸತ್ಯವಾದ ಮಾತನ್ನೂ ತಪ್ಪಾದ ಕಡೆಯಲ್ಲಿ ಬಳಸಬಹುದು. ನಾವು ವಿಚಾರ ಮಾಡಬೇಕಾದದ್ದು ಅದನ್ನೇ.

ಮೊದಲು ಆ ಗುರುತಿನ ಅಡಿಯಲ್ಲಿ ಏನಿರಬಹುದೆಂದು ನೋಡೋಣ. ಗರ್ಭದಲ್ಲಿ ಶಿಶುವಿನ ಮೆದುಳು ಮತ್ತು ಬೆನ್ನುಹುರಿ ಆರಂಭದಲ್ಲಿ ಒಂದು ಚಪ್ಪಟೆ ಹಾಳೆಯಂತಿರುತ್ತವೆ. ಅದರ ಅಂಚುಗಳು ಮೇಲೆದ್ದು ಒಂದಕ್ಕೊಂದು ಕೂಡಿ ಕೊಳವೆಯಾಗುತ್ತವೆ. ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಈ ಕೆಲಸ ಮುಗಿದುಹೋಗುತ್ತದೆ. ಬೆನ್ನಿನ ಭಾಗದಲ್ಲಿ ಈ ರಚನೆ ಪೂರ್ಣವಾಗದಿದ್ದರೆ ಅದನ್ನು ಸ್ಪೈನಾ ಬೈಫಿಡಾ ಎನ್ನುತ್ತಾರೆ. ಕೆಲವು ಮಕ್ಕಳಲ್ಲಿ ಬೆನ್ನು ತೆರೆದೇ ಇರುತ್ತದೆ. ಹುಟ್ಟಿದಾಗಲೇ ಎಲ್ಲರಿಗೂ ಕಾಣುತ್ತದೆ. ಇನ್ನು ಕೆಲವರಲ್ಲಿ ಮೇಲೆ ಚರ್ಮ ಮುಚ್ಚಿಕೊಂಡಿರುತ್ತದೆ, ಒಳಗೆ ಬೆನ್ನುಹುರಿಯ ತುದಿ ಕೊಬ್ಬಿಗೋ ದಪ್ಪವಾದ ನಾರಿಗೋ ಅಂಟಿಕೊಂಡಿರುತ್ತದೆ. ಮಗು ಬೆಳೆದಂತೆ ಕಟ್ಟಿಹಾಕಿದ ಹುರಿ ಜಗ್ಗುತ್ತದೆ. ವೈದ್ಯರು ಇದನ್ನು ಟೆಥರ್ಡ್ ಕಾರ್ಡ್ ಎಂದು ಕರೆಯುತ್ತಾರೆ. ಕೆಲವೊಮ್ಮೆ ಹುರಿಯ ಕೆಳತುದಿಯೊಳಗೆ ದ್ರವ ತುಂಬಿದ ಒಂದು ಪೊಳ್ಳು ಕೂಡ ಉಂಟಾಗುತ್ತದೆ, ಅದು ಸಿರಿಂಕ್ಸ್.

ಹೆದರಬೇಕಾಗಿಲ್ಲ. ಎಲ್ಲ ಗುಳಿಗಳೂ ರೋಗವಲ್ಲ. ಪೃಷ್ಠಗಳ ನಡುವೆ ಕೆಳಗೆ ಇರುವ ಸಣ್ಣ, ಆಳವಿಲ್ಲದ ಗುಳಿ ಸಾಮಾನ್ಯವಾಗಿ ನಿರಪಾಯಕಾರಿ. ಎಲ್ಲ ಪೊಳ್ಳುಗಳೂ ರೋಗವಲ್ಲ. ಬೆಳವಣಿಗೆಯ ಕಾಲದ ಸಣ್ಣ ದ್ರವಕೋಶವೊಂದು ಕೆಲವು ಶಿಶುಗಳಲ್ಲಿ ಉಳಿದುಕೊಂಡು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಯಾವುದು ಏನೆಂದು ನಿರ್ಧರಿಸಬೇಕಾದವರು ವೈದ್ಯರು. ಮೊದಲ ಕೆಲವು ತಿಂಗಳಲ್ಲಿ ಅಲ್ಟ್ರಾಸೌಂಡ್, ಅನಂತರ ಎಂ.ಆರ್.ಐ. ಅವರಿಗೆ ದಾರಿ ತೋರಿಸುತ್ತವೆ. ಆದರೆ ಚೆನ್ನಾಗಿ ನಡೆಯುತ್ತಿದ್ದ ಮಗು ಕುಂಟತೊಡಗಿದರೆ, ಒಂದು ಪಾದ ಸೊಟ್ಟಗಾದರೆ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡತೊಡಗಿದರೆ ಕಾಯುತ್ತಾ ಕೂರಬಾರದು. ಅಂಟಿಕೊಂಡ ಹುರಿಯನ್ನು ಶಸ್ತ್ರಕ್ರಿಯೆಯಿಂದ ಬಿಡಿಸಬಹುದು. ಹಾನಿ ಮುಂದುವರಿಯದಂತೆ ತಡೆಯುವುದು ಅದರ ಮುಖ್ಯ ಉದ್ದೇಶ. ಆಗಲೇ ಕಳೆದುಹೋದ ಶಕ್ತಿ ಪೂರ್ತಿಯಾಗಿ ಮರಳಿ ಬರುತ್ತದೆಂಬ ಭರವಸೆಯಿಲ್ಲ. ತಡಮಾಡಿದವರು ದೊಡ್ಡವರು, ಬೆಲೆ ತೆರುವುದು ಮಗು.

ಇನ್ನು ಗ್ರಹಣದ ಮಾತು. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಈ ಮರಣಕ್ಕಾಗಿಯೇ ಸೂರ್ಯ ಕಪ್ಪಾದನೆಂದು ಜನರು ಆಡಿಕೊಂಡರು. ದುಃಖತಪ್ತ ತಂದೆಗೆ ಆ ಮಾತು ಹಿತವಾಗಬಹುದಿತ್ತು. ಆದರೂ ಪ್ರವಾದಿ(ಸ) ಅದನ್ನು ಅಲ್ಲಿಯೇ ತಿದ್ದಿದರು. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳೆಂದೂ ಯಾರದೇ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲವೆಂದೂ ಕಲಿಸಿದರು. ಈ ಹದೀಸನ್ನು ತಿಳಿದ ಮನೆಯಲ್ಲಿ ಬಾಣಂತಿಯನ್ನು ಗ್ರಹಣದ ಹೆಸರಿನಲ್ಲಿ ಚುಚ್ಚುವುದು ಎಂಥ ಅನ್ಯಾಯ!

ಆದರೆ ವಿದ್ಯಾವಂತರ ಮನೆಗಳಲ್ಲಿ ಇಂದು ಬೇರೆಯೇ ಒಂದು ಚುಚ್ಚುಮಾತು ಕೇಳಿಬರುತ್ತದೆ. ಮಾತ್ರೆ ತೆಗೆದುಕೊಳ್ಳಲಿಲ್ಲವೇ ಎಂಬುದು ಆ ಮಾತು. ಇದಕ್ಕೂ ಒಂದು ಹಿನ್ನೆಲೆಯಿದೆ. 1991ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಹಿಂದೆ ಇಂಥ ದೋಷವಿದ್ದ ಶಿಶುವನ್ನು ಗರ್ಭ ಧರಿಸಿದ್ದ ಮಹಿಳೆಯರಿಗೆ ಮುಂದಿನ ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ನೀಡಲಾಯಿತು. ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. 1998ರಲ್ಲಿ ಅಮೆರಿಕ ಹಿಟ್ಟಿಗೆ ಫೋಲಿಕ್ ಆಮ್ಲ ಬೆರೆಸುವುದನ್ನು ಕಡ್ಡಾಯಗೊಳಿಸಿತು. ಗರ್ಭ ಧರಿಸುವ ಮುಂಚಿನಿಂದ ಮೊದಲ ಮೂರು ತಿಂಗಳವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಎಂಬುದು ಸಾಮಾನ್ಯ ಸಲಹೆ. ಹಿಂದೆ ಇಂಥ ಗರ್ಭವಾಗಿದ್ದವರಿಗೆ ವೈದ್ಯರು ಹೆಚ್ಚಿನ ಪ್ರಮಾಣ ಹೇಳುತ್ತಾರೆ.

ಹಾಗಾದರೆ ತಪ್ಪು ತಾಯಿಯದೇ? ಖಂಡಿತ ಅಲ್ಲ. ಅದೇ ಸಂಶೋಧನೆಯಲ್ಲಿ ಮಾತ್ರೆ ಪಡೆದವರ ಪೈಕಿ ಕೆಲವರಿಗೂ ದೋಷವಿರುವ ಗರ್ಭವಾಗಿತ್ತು. ಚರ್ಮ ಮುಚ್ಚಿದ ಬಗೆಗಳಲ್ಲಂತೂ ಮಾತ್ರೆಯ ಪ್ರಯೋಜನ ಅಷ್ಟು ಸ್ಪಷ್ಟವಾಗಿಲ್ಲ. ಒಬ್ಬ ನಿರ್ದಿಷ್ಟ ತಾಯಿಯನ್ನು ತೋರಿಸಿ ನಿನ್ನಿಂದಲೇ ಹೀಗಾಯಿತೆಂದು ಯಾವ ವೈದ್ಯನೂ ಹೇಳಲಾರ. ಅಲ್ಲದೆ, ಗರ್ಭಿಣಿಯೆಂದು ತಿಳಿದು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆ 28 ದಿನಗಳು ಹೆಚ್ಚಾಗಿ ಕಳೆದೇ ಹೋಗಿರುತ್ತವೆ. ಮುಂಚಿತವಾಗಿ ಅವಳಿಗೆ ಹೇಳಿದವರು ಯಾರು? ತಂದೆ ಹೇಳಿದರೇ? ಗಂಡ ಹೇಳಿದನೇ? ನಿಕಾಹ್‌ಗೆ ನೂರಾರು ಮಂದಿಯನ್ನು ಕರೆದ ನಾವು ಹೇಳಿದೆವೇ? ಹೇಳದಿದ್ದವರು ಕೇಳದಿದ್ದವಳನ್ನು ದೂರುವಂತಿಲ್ಲ.

ಇಲ್ಲಿಯೇ ವಿಧಿಯ ಪ್ರಶ್ನೆ ಬರುತ್ತದೆ. ವಿಧಿಯಲ್ಲಿ ವಿಶ್ವಾಸವಿಡುವುದು ಈಮಾನಿನ ಅಂಗ. ಖಲೀಫಾ ಉಮರ್(ರ) ಸಿರಿಯಾ ಕಡೆಗೆ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಬಂತು. ಸಂಗಾತಿಗಳೊಂದಿಗೆ ಸಮಾಲೋಚಿಸಿ ಅವರು ಹಿಂದಿರುಗಲು ತೀರ್ಮಾನಿಸಿದರು. ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್‌ರ(ರ) ಉತ್ತರದ ಸಾರವಾಗಿತ್ತು. ರೋಗ ವಿಧಿಯಾದರೆ ಮದ್ದೂ ವಿಧಿಯೇ. ಬೆನ್ನಿನ ಗಂಟು ವಿಧಿಯಾದರೆ ಅದನ್ನು ಗುರುತಿಸುವ ವೈದ್ಯನ ಕಣ್ಣೂ ವಿಧಿಯೇ.

ಆದ್ದರಿಂದ ನಮ್ಮ ಹಿರಿಯ ಆಲಿಮರು ಕಲಿಸಿದ ಒಂದು ವಿವೇಕವನ್ನು ನೆನಪಿಡೋಣ. ವಿಧಿಯನ್ನು ಆಪತ್ತಿನಲ್ಲಿ ಸಾಂತ್ವನವಾಗಿ ಹೇಳಬಹುದು, ಕರ್ತವ್ಯಲೋಪಕ್ಕೆ ನೆಪವಾಗಿ ಹೇಳಬಾರದು. ಕಣ್ಣೀರಿಡುವ ತಾಯಿಯ ಬಳಿ ಕುಳಿತು, ಮಗಳೇ, ಇದು ಅಲ್ಲಾಹನ ತೀರ್ಮಾನ, ನಿನ್ನ ತಪ್ಪಲ್ಲ ಎಂದರೆ ಆ ಮಾತು ಸದಕಾ. ಆಸ್ಪತ್ರೆಗೆ ಹೋಗೋಣವೆಂದು ಸೊಸೆ ಹೇಳುವಾಗ ಅದೇ ಮಾತಿನಿಂದ ಅವಳ ಬಾಯಿ ಮುಚ್ಚಿಸಿದರೆ ಅದು ಅಕ್ರಮ. ಕಳೆದುಹೋದ ದಿನಗಳಿಗೆ ವಿಧಿ. ಮುಂದಿನ ದಿನಗಳಿಗೆ ಹೊಣೆ.

ಈ ಹೊಣೆ ಮನೆಯವರದ್ದಷ್ಟೇ ಅಲ್ಲ. ಇಂಥ ತೊಂದರೆಯೊಂದಿಗೆ ಬೆಳೆದ ಹಲವರಿಗೆ ಮೂತ್ರದ ಮೇಲೆ ಹಿಡಿತವಿರುವುದಿಲ್ಲ. ಬಟ್ಟೆ ಅಶುದ್ಧವಾಗುತ್ತದೆಂಬ ನಾಚಿಕೆಯಿಂದ ನಮಾಝ್ ಬಿಟ್ಟ ಯುವಕರಿರಬಹುದು. ಶರೀಅತ್ ಅವರಿಗೆ ಬಾಗಿಲು ಮುಚ್ಚಿಲ್ಲ. ಮೂತ್ರ ನಿಲ್ಲದೆ ಸೋರುವವನು ಶುಚಿ ಮಾಡಿಕೊಂಡು, ಹನಿ ಹರಡದಂತೆ ಕಟ್ಟಿಕೊಂಡು, ಹನಫೀ ಮದ್‌ಹಬ್‌ನಂತೆ ಪ್ರತಿಯೊಂದು ನಮಾಝಿನ ವೇಳೆಗೆ, ಶಾಫಿಈ ಮದ್‌ಹಬ್‌ನಂತೆ ಪ್ರತಿಯೊಂದು ಫರ್ಝ್ ನಮಾಝಿಗೆ ವುಝೂ ಮಾಡಿ ನಮಾಝ್ ನಿರ್ವಹಿಸಬಹುದು. ವಿವರಗಳನ್ನು ಆಲಿಮರಲ್ಲಿ ಕೇಳಿ ತಿಳಿಯಲಿ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ನಮಾಝಿನ ಬಗ್ಗೆ ಕೇಳಿದಾಗ ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಿರ್ವಹಿಸಲು ಪ್ರವಾದಿ(ಸ) ಹೇಳಿಕೊಟ್ಟರು. ದೀನ್ ಇಷ್ಟು ಸುಲಭಗೊಳಿಸಿದ ಮೇಲೆ ನಮ್ಮ ಮಸೀದಿಯ ಎತ್ತರದ ಮೆಟ್ಟಿಲು, ಗಾಲಿಕುರ್ಚಿ ಒಳಗೆ ಹೋಗದ ಶೌಚಾಲಯ ಅವರನ್ನು ತಡೆಯುತ್ತಿದ್ದರೆ ಉತ್ತರ ಹೇಳಬೇಕಾದವರು ಯಾರು?

ಜಮಾಅತ್ ಕಮಿಟಿಗಳು ನಿಕಾಹ್ ದಾಖಲಿಸುವಾಗ ವಧೂವರರಿಗೆ ಫೋಲಿಕ್ ಆಮ್ಲದ ವಿಷಯ ತಿಳಿಸಿದರೆ ಖರ್ಚೇನೂ ಇಲ್ಲ. ಮಹಿಳೆಯರ ಅಧ್ಯಯನ ವರ್ತುಲದಲ್ಲಿ ಒಂದು ದಿನ ಊರಿನ ವೈದ್ಯೆಯನ್ನು ಕರೆಯಬಹುದು. ಮಸೀದಿಗೆ ಒಂದು ಇಳಿಜಾರು ಕಟ್ಟಿಸಬಹುದು. ನಾಳೆ ಅಲ್ಲಾಹನ ಮುಂದೆ ನಿಂತಾಗ ಆ ಮಗು ಯಾಕೆ ಹಾಗೆ ಹುಟ್ಟಿತೆಂದು ನಮ್ಮನ್ನು ಕೇಳಲಾಗದು. ಅದು ಹುಟ್ಟಿದ ಮೇಲೆ ನಾವು ಏನು ಮಾಡಿದೆವೆಂಬುದಕ್ಕೆ ಮಾತ್ರ ಉತ್ತರಿಸಲೇಬೇಕು. ಆ ಉತ್ತರವನ್ನು ಇಂದೇ ಸಿದ್ಧಗೊಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.