ಚುಕ್ಕಿ ಹೊತ್ತ ಪದಗಳು

ಬುಕ್ಕಸಾಗರದ ಬಾಳೆತೋಟಗಳ ನಡುವಿನ ದಾರಿಯಲ್ಲಿ ಒಬ್ಬ ಹುಡುಗ ಸೈಕಲ್ಲಿನ ಪೆಡಲ್ ತುಳಿಯುತ್ತ ಹೋಗುತ್ತಾನೆ. ಬಯಲಲ್ಲಿ ಅವನ ಗೆಳೆಯರು ಫುಟ್‌ಬಾಲ್ ಆಡುತ್ತಿದ್ದಾರೆ. ಕಟ್ಟೆಯ ಮೇಲೆ ಪೈಜಾಮ ತೊಟ್ಟ ಹಿರಿಯರು ಕೂತಿದ್ದಾರೆ. ಗುಡಿಯಲ್ಲಿ ದೇವರ ಪಾದಕ್ಕೆ ಹೂ ಬಿದ್ದಿದೆ. ಪೆಡಲ್ ಲ್ಯಾಟಿನ್ ಕಡೆಯಿಂದ ಬಂತು, ಫುಟ್ ಇಂಗ್ಲಿಷಿನಿಂದ, ಪೈಜಾಮದ 'ಪೈ' ಪಾರಸಿಯಿಂದ, ಪಾದ ಸಂಸ್ಕೃತದಿಂದ. ಎಲ್ಲದರ ಅರ್ಥ ಕಾಲಿಗೇ ಹೋಗಿ ಸೇರುತ್ತದೆ. ಭಾಷಾವಿಜ್ಞಾನಿಗಳು ಇವೆಲ್ಲವುಗಳ ಹಿಂದೆ *ಪೆದ್ ಎಂಬ ಮೂಲ ಇಂಡೋ-ಯುರೋಪಿಯನ್ ಧಾತುವನ್ನು ಇಡುತ್ತಾರೆ. ಕಾಲು, ಅಡಿ ಎಂಬ ಸ್ವಂತ ಪದಗಳಿರುವ ಕನ್ನಡದ ಮನೆಯಲ್ಲಿ ನಾಲ್ವರು ದಾಯಾದಿಗಳು ಅತಿಥಿಗಳಾಗಿ ಕೂತಿದ್ದಾರೆ. ಒಬ್ಬರಿಗೊಬ್ಬರ ಗುರುತಿಲ್ಲ.

ಇದನ್ನು ಕಟ್ಟೆಯ ಹಿರಿಯರೊಬ್ಬರಿಗೆ ಹೇಳಿದೆ. ಅವರು ಕೇಳಿದರು: "ಆ ಮಾತು ಆಡಿದೋರನ್ನ ಯಾರರ ನೋಡ್ಯಾರೇನಪ್ಪ?"

"ಇಲ್ಲ ಅಜ್ಜ."

"ಬರದರ ಇಟ್ಟಾರೇನು?"

"ಅದೂ ಇಲ್ಲ."

"ಮತ್ತ ಹೆಂಗ ನಂಬೋದು?"

ಪದದ ಮುಂದಿರುವ ಆ ಚುಕ್ಕಿ ಈ ಪ್ರಶ್ನೆಗಾಗಿಯೇ ಇದೆ. 'ಇದನ್ನು ಯಾರೂ ಕೇಳಿಲ್ಲ, ಎಲ್ಲೂ ಬರೆದಿಲ್ಲ, ನಾವು ಊಹಿಸಿದ್ದೇವೆ' ಎಂಬ ಒಪ್ಪಿಗೆ ಅದು. ಆದರೆ ಮನಬಂದಂತೆ ಮಾಡಿದ ಊಹೆಯಲ್ಲ. ತಮಿಳಿನ ಪಾಲ್, ಪುಲಿ ನಮ್ಮಲ್ಲಿ ಹಾಲು, ಹುಲಿ. ಹೀಗೆ ಪದದ ಮೇಲೆ ಪದ ಹೊಂದಿಕೆಯಾದಾಗ ಕನ್ನಡದಲ್ಲೂ ಮೊದಲು 'ಪ' ಇದ್ದಿರಬೇಕು ಎನ್ನಬಹುದು. ಹಳಗನ್ನಡ ತೆರೆದು ನೋಡಿದರೆ ಅಲ್ಲಿ ಪಾಲ್, ಪುಲಿ ಕಾದು ಕೂತಿವೆ. ಪಕ್ಕದ ಹಂಪೆಯೂ ಒಂದು ಕಾಲಕ್ಕೆ ಪಂಪೆಯೇ. ಸೊಸ್ಯೂರ್ ಎಂಬ 21ರ ಹುಡುಗ ಇಂಡೋ-ಯುರೋಪಿಯನ್ ಮೂಲದಲ್ಲಿ ಕೆಲವು ಧ್ವನಿಗಳು ಇದ್ದು ಅಳಿದಿರಬೇಕೆಂದು ಬರೀ ಲೆಕ್ಕದಿಂದ ಹೇಳಿದ. ಅವನ ಪುಸ್ತಕದ ವರ್ಷ 1879. ಅವನು ತೀರಿಕೊಂಡ ಮೇಲೆ ಹಿಟ್ಟೈಟ್ ಮಣ್ಣಿನ ಹಲಗೆಗಳನ್ನು ಓದಲು ಸಾಧ್ಯವಾಯಿತು. ಅವನು ಹೇಳಿದ ಜಾಗಗಳಲ್ಲಿ ಅಂಥ ಧ್ವನಿ ಉಳಿದಿರುವುದನ್ನು 1927ರಲ್ಲಿ ಕುರಿಲೋವಿಚ್ ತೋರಿಸಿದ.

ಹಾಗೆಂದು ಎಲ್ಲ ಊಹೆಗೂ ಒಂದೇ ಬೆಲೆಯಲ್ಲ. ಹಂಪೆಯ ರಾಜಾಂಗಣದಲ್ಲಿ ಅರಮನೆಗಳ ಕಲ್ಲಿನ ತಳಪಾಯವಿದೆ, ಮೇಲಿದ್ದ ಮರದ ಕಟ್ಟಡ ಇಲ್ಲ. ತಳಪಾಯ ನೋಡಿ ಕೋಣೆಯ ಅಳತೆ ಹೇಳಬಹುದು. ಕಿಟಕಿಯ ಬಣ್ಣ ಹೇಳಹೊರಟರೆ ಅದು ಕತೆ. ಶ್ಲೈಕರ್ 1868ರಲ್ಲಿ ಆ ಮೂಲಭಾಷೆಯಲ್ಲೇ ಕುರಿ ಮತ್ತು ಕುದುರೆಗಳ ಕತೆಯೊಂದನ್ನು ಬರೆದ. ಅದೇ ಕತೆಯನ್ನು ಹಿರ್ಟ್ ತಿದ್ದಿದ್ದು 1939ರಲ್ಲಿ ಅಚ್ಚಾಯಿತು, ಲೇಮನ್ ಮತ್ತು ಜ್ಗುಸ್ತಾ ತಿದ್ದಿದ್ದು 1979ರಲ್ಲಿ. ಮೂರೂ ಬೇರೆ ಬೇರೆ ಭಾಷೆಗಳಂತೆ ಕಾಣುತ್ತವೆ.

ಚುಕ್ಕಿ ಉದುರಿಹೋದಾಗ ಏನಾಗುತ್ತದೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಭಾಷೆಗಳ ನಂಟನ್ನು ಹೇಳಲು ಬಳಸಿದ 'ಆರ್ಯ' ಎಂಬ ಹೆಸರು ಯುರೋಪಿನಲ್ಲಿ ಜನಾಂಗದ ಹೆಸರಾಯಿತು, ಜರ್ಮನಿಯಲ್ಲಿ ಕೊಲ್ಲುವುದಕ್ಕೆ ನೆಪವಾಯಿತು. ನಮ್ಮಲ್ಲಿ ಜಗಳ ಅಷ್ಟು ಕ್ರೂರವಲ್ಲ, ಆದರೂ ಇದೆ. ಕನ್ನಡ ಸಂಸ್ಕೃತದ ಮಗಳೆಂದು ಒಬ್ಬರು, ತಮಿಳಿನ ಮಗಳೆಂದು ಇನ್ನೊಬ್ಬರು. ದಕ್ಷಿಣದ ಭಾಷೆಗಳದ್ದು ಬೇರೆಯೇ ಕುಟುಂಬ ಎಂದು ಎಲ್ಲಿಸ್ 1816ರಲ್ಲೇ ತೋರಿಸಿದ್ದ. ಕನ್ನಡ, ತಮಿಳು ಎರಡಕ್ಕೂ ತಾಯಿಯಾದ ಭಾಷೆ ಈಗ ಇಲ್ಲ. ಅವಳ ಒಂದೊಂದು ಮಾತಿನ ಮುಂದೆಯೂ ಚುಕ್ಕಿಯಿದೆ. ಅವಳ ಆಸ್ತಿ ತನ್ನೊಬ್ಬಳದೆಂದು ಯಾವ ಮಗಳೂ ಹೇಳುವಂತಿಲ್ಲ.

ಬೇರು ಹುಡುಕುವುದು ತಪ್ಪಲ್ಲ. ಬೇರು ಸಿಕ್ಕಿತೆಂದು ಹೊಲಕ್ಕೆಲ್ಲ ಬೇಲಿ ಹಾಕಹೊರಡುವುದು ತಪ್ಪು. ಪೆಡಲ್ ತುಳಿಯುವ ಹುಡುಗನಿಗೂ ಆ ಪದದ ಮೇಲೆ ರೋಮಿನವರಷ್ಟೇ ಹಕ್ಕಿದೆ, ಏಕೆಂದರೆ ಇವತ್ತು ಅದನ್ನು ಬದುಕಿಸಿರುವವರಲ್ಲಿ ಅವನೂ ಒಬ್ಬ.

ಅಂದು ಅಜ್ಜನಿಗೆ ಉತ್ತರ ಹೇಳಲಾಗಲಿಲ್ಲ. ಈಗ ಕೇಳಿದರೆ ಹೇಳುತ್ತೇನೆ: "ನಂಬಬ್ಯಾಡ್ರಿ ಅಜ್ಜ, ಲೆಕ್ಕ ನೋಡ್ರಿ. ತಪ್ಪಿದ್ರ ತಿದ್ದೋಣು. ಅದಕ್ಕಂತನ ಚುಕ್ಕಿ ಇಟ್ಟಾರ."