ಓಲೆಯನ್ನು ಕರಗಿಸುವ ಮುನ್ನ

ಹಿರಿಯರಿಂದ ಬಂದ ಒಡವೆಯನ್ನು ಕರಗಿಸಿ ಹೊಸದನ್ನು ಮಾಡಿಸಿಕೊಳ್ಳುವುದು ತಪ್ಪೇ? ತೊಂಡಾಮುತ್ತೂರಿನ ನಮ್ಮ ಮನೆಗಳಲ್ಲಿ ಮದುವೆ ಗೊತ್ತಾದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಎದ್ದಷ್ಟೇ ಬೇಗ ಅಡಗಿಯೂ ಹೋಗುತ್ತದೆ. ಅಂಗಡಿಯ ತಕ್ಕಡಿ ಅದಕ್ಕೆ ಗ್ರಾಮಿನ ಲೆಕ್ಕದಲ್ಲಿ ಉತ್ತರ ಹೇಳಿಬಿಡುತ್ತದೆ.

ತಕ್ಕಡಿಗೆ ಕಾಣುವುದು ಚಿನ್ನವೊಂದೇ. ಹಳೆಯ ಒಡವೆಗಳಲ್ಲಿ ಅನೇಕವು ಒಳಗೆ ಟೊಳ್ಳು. ಅಕ್ಕಸಾಲಿಗನು ತೆಳುವಾದ ತಗಡನ್ನು ಹಿಂಬದಿಯಿಂದ ತಟ್ಟಿ ಉಬ್ಬಿಸಿ, ನಗ್ಗದಿರಲೆಂದು ಟೊಳ್ಳಿಗೆ ಅರಗು ತುಂಬುತ್ತಿದ್ದನು. ಕೊಳ್ಳುವವನಿಗೆ ಆ ಅರಗು ಕಳೆಯಬೇಕಾದ ತೂಕ. ಮಾಡಿದವನಿಗೆ ಅದೇ ಒಡವೆಯ ಬೆನ್ನೆಲುಬು. ತುಸು ಚಿನ್ನದಲ್ಲಿ ತುಂಬಿದ ಒಡವೆ ಮಾಡಿಕೊಟ್ಟ ಆ ಜಾಣ್ಮೆ ಎಷ್ಟೋ ಬಡಮನೆಗಳ ಮಾನವನ್ನೂ ಕಾದಿತ್ತು. ಬೆಂಕಿಯಲ್ಲಿ ಮೊದಲು ಉರಿದುಹೋಗುವುದು ಅದೇ.

ಚಿನ್ನವೇ ಸತ್ಯ, ಒಡವೆ ಬರಿಯ ನಾಮರೂಪ ಎಂದು ವೇದಾಂತಿಗಳು ದೃಷ್ಟಾಂತ ಕೊಡುತ್ತಾರೆ. ಅಂಗಡಿಯವರೂ ಅದನ್ನೇ ಹೇಳುತ್ತಾರೆ, ಬೇರೆ ಕಾರಣಕ್ಕೆ! ಆದರೆ 'ಓಲೆ' ಎಂಬ ಮಾತನ್ನು ನೋಡೋಣ. ಓಲೆಯೆಂದರೆ ತಾಳೆಗರಿ. ಸುರುಳಿ ಸುತ್ತಿ ಕಿವಿಗೆ ತೊಡುತ್ತಿದ್ದ ಗರಿಯ ಜಾಗಕ್ಕೆ ಚಿನ್ನ ಬಂದಿತು, ಹೆಸರು ಮಾತ್ರ ಉಳಿಯಿತು. ಬರೆದು ಕಳುಹಿಸಿದ ಪತ್ರವೂ ಓಲೆಯೇ ಆಯಿತು. ಇಲ್ಲಿ ಅಳಿದದ್ದು ವಸ್ತು, ಬಾಳಿದ್ದು ನಾಮ. ಕಿವಿಯ ಮೇಲಂಚಿನ ಬುಗುಡಿ, ತೋಳಿನ ವಂಕಿ, ಕೊರಳಿಗೊತ್ತಿ ಕೂರುವ ಅಡ್ಡಿಕೆ ಇವುಗಳಿಗೆ ಆ ಭಾಗ್ಯ ಇದ್ದೀತೆ? ಅಂಗಡಿಯಲ್ಲಿ ನಾವು ತಮಿಳಿನಲ್ಲಿ ಕೇಳುತ್ತೇವೆ, 'ಅಟ್ಟಿಗೈ' ಎನ್ನುತ್ತೇವೆ. 'ಅಡ್ಡಿಕೆ' ಎಂಬುದು ಪೆಟ್ಟಿಗೆಯೊಳಗಿನ ಒಡವೆಯನ್ನು ನೆಚ್ಚಿಕೊಂಡೇ ಬದುಕಿದೆ.

ಹಾಗೆಂದು ಕರಗಿಸಕೂಡದೆಂದು ವಿಧಿಸಲು ನಾವು ಯಾರು? ಸ್ತ್ರೀಧನಕ್ಕೆ ಹೆಣ್ಣೊಬ್ಬಳೇ ಒಡತಿ, ಗಂಡನಿಗೂ ಅದರಲ್ಲಿ ಪಾಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಸ್ಪಷ್ಟಪಡಿಸಿತು. ಮಳೆ ತಪ್ಪಿದ ವರ್ಷ ಬಾವಿಯ ಮೋಟಾರಿಗೆ, ಮಗಳ ಕಾಲೇಜಿಗೆ ಒದಗಿದ್ದು ಇದೇ ಚಿನ್ನ. ಒಡವೆಯನ್ನು ಪರಂಪರೆಯೆಂದು ಹೊಗಳಿ, ಅದರ ಕಾವಲನ್ನು ಹೆಂಗಸರ ಕೊರಳಿಗೆ ಕಟ್ಟುವುದು ಗಂಡಸರಿಗೆ ಸುಲಭದ ಧರ್ಮ. 1963ರ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಶುದ್ಧವಾದ ಹೊಸ ಒಡವೆ ಮಾಡುವುದನ್ನು ತಡೆದು ಅಕ್ಕಸಾಲಿಗರ ಅನ್ನ ಕಸಿದಾಗ, ಪರಂಪರೆಯ ಮಾತಾಡಿದವರು ಎಷ್ಟು ಮಂದಿ?

ನಮ್ಮ ಬಂಧುಗಳ ಮನೆಯೊಂದರಲ್ಲಿ ಮೊನ್ನೆ ಮದುವಣಗಿತ್ತಿ ಅಜ್ಜಿಯ ಬುಗುಡಿಯನ್ನು ಅಂಗೈಯಲ್ಲಿಟ್ಟುಕೊಂಡು, "ಅಜ್ಜಿ, ಇದಕ್ಕೇನಂತಾರೆ?" ಎಂದು ಕೇಳಿದಳು. ಅಜ್ಜಿ ಹೆಸರು ಹೇಳಿದರು. ತೊಡುವ ಬಗೆಯನ್ನೂ ತಮ್ಮ ಕಿವಿ ಮುಟ್ಟಿ ತೋರಿಸಿದರು. ಹುಡುಗಿ ಎರಡನ್ನೂ ಬರೆದುಕೊಂಡಳು. ಮರುದಿನ ಅಜ್ಜಿಯೇ ಅವಳೊಡನೆ ಕೊಯಮತ್ತೂರಿನ ಬಸ್ಸು ಹತ್ತಿ ಹೋಗಿ, ಅದನ್ನು ಕರಗಿಸಲು ಕೊಟ್ಟು ಬಂದರು.